ನಡುವೆ ಹೊಲಿದ ಕೊನೆಯ ಫಾರಂ

ಪುಸ್ತಕ ಹೊಲಿಯುವ ಅಂಗಡಿಯಲ್ಲಿ ಎಲ್ಲರೂ ಅವಳನ್ನು ದಾರದಕ್ಕ ಎನ್ನುತ್ತಿದ್ದರು. ಅಚ್ಚಾಗಿ ಮಡಿಸಿ ಬಂದ ಹದಿನಾರು ಪುಟಗಳ ಕಟ್ಟುಗಳನ್ನು, ಅಂದರೆ ಫಾರಂಗಳನ್ನು, ಸಾಲಾಗಿ ಜೋಡಿಸಿ ಬೆನ್ನಿಗೆ ದಾರ ಹಾಕುವುದು ಅವಳ ಕೆಲಸ. ಸಾವಿರಾರು ಪುಸ್ತಕ ಅವಳ ಕೈ ದಾಟಿ ಹೋಗಿದ್ದವು, ಆದರೆ ಓದಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. "ದಿನವಿಡೀ ಬೇಯಿಸಿದವರಿಗೆ ಊಟ ಸೇರುತ್ತಾ?" ಎಂದು ನಗುತ್ತಿದ್ದಳು.

ಆ ನಗು ನಿಂತದ್ದು ಗಂಡನ ಕಣ್ಣು ಹೋದ ಮೇಲೆ. ಬ್ಯಾಟರಿ ಕಾರ್ಖಾನೆಯಲ್ಲಿ ಆಸಿಡ್ ಸಿಡಿದಿತ್ತು. ಗೋಡೆಗೆ ಮುಖ ಮಾಡಿ ಮಲಗಿದವನು ಏಳಲೊಲ್ಲ, ಉಣ್ಣಲೊಲ್ಲ. "ನನ್ನ ಕಥೆ ಮುಗೀತು ಕಣೇ, ಸುಮ್ನೆ ಊಟ ದಂಡ ಮಾಡ್ಬೇಡ" ಎನ್ನುತ್ತಿದ್ದ. ಹೀಗೇ ಬಿಟ್ಟರೆ ಮನುಷ್ಯ ಕೈಗೆ ಸಿಗುವುದಿಲ್ಲ ಎಂದು ಅವಳಿಗೆ ಭಯ ಹುಟ್ಟಿತು.

ಬೇರೇನೂ ತೋಚದೆ, ರಟ್ಟು ಸೊಟ್ಟಗೆ ಅಂಟಿ ಅಂಗಡಿಯ ಮೂಲೆಗೆ ಬಿದ್ದಿದ್ದ ಒಂದು ಕಾದಂಬರಿ ತಂದು ಸಂಜೆ ಹೊತ್ತು ತಡವರಿಸುತ್ತಾ ಓದತೊಡಗಿದಳು. ತರುವುದು ತಂದಳು, ಎಂಥದ್ದನ್ನು! ಲೋಕವೇ ಸುಟ್ಟು ಬೂದಿಯಾದ ಕಥೆ. ಬಿಸಿಲಿಲ್ಲ, ಹಕ್ಕಿಯಿಲ್ಲ, ಒಬ್ಬ ಮುದಿ ಸೂಲಗಿತ್ತಿ ಮಡಕೆಯಲ್ಲಿ ಕೆಂಡ ಹಿಡಿದು, ಜನರಿರುವ ಜಾಗ ಹುಡುಕುತ್ತಾ ನಡೆಯುತ್ತಾಳೆ.

ಗಂಡನ ಅಕ್ಕ ಹಣೆ ಚಚ್ಚಿಕೊಂಡಳು. "ಮೊದಲೇ ಜೀವ ಬೇಸತ್ತು ಮಲಗಿದಾನೆ, ಅವನಿಗೆ ಈ ಸುಡುಗಾಡು ಓದ್ತೀಯಲ್ಲ! ಒಂದು ನಗೋ ಕಥೆ ಸಿಗ್ಲಿಲ್ವಾ?"

ಅವಳ ಮಾತೂ ಸುಳ್ಳಲ್ಲ. ಆದರೆ ನಗೆಯ ಮಾತಿಗೆಲ್ಲ ಕಿವಿ ಮುಚ್ಚಿಕೊಂಡಿದ್ದವನು ಇದಕ್ಕೆ ಗೋಡೆ ಬಿಟ್ಟು ಈ ಕಡೆ ಹೊರಳಿದ. ಓದುತ್ತಿರುವಾಗ ಒಂದೆರಡು ತುತ್ತು ಒಳಗೆ ಹೋಗತೊಡಗಿತು. ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ, "ಕೆಂಡ ಆರಿಲ್ಲ ತಾನೇ?" ಎಂದು ಕೇಳುತ್ತಿದ್ದ.

ಒಂದು ಸಂಜೆ ಎಡವಟ್ಟಾಯಿತು. ಒಂದು ವಾಕ್ಯ ಅರ್ಧಕ್ಕೇ ತುಂಡಾದದ್ದು ಆ ತಡವರಿಸುವ ಓದಿನಲ್ಲಿ ಇಬ್ಬರಿಗೂ ಗೊತ್ತಾಗಲಿಲ್ಲ. ಮುಂದೆ ಓದಿದಳು: ಸೂಲಗಿತ್ತಿ ಕಲ್ಲಿಗೊರಗಿ ಕೂತಳು, ಕೆಂಡ ಆರಿತು, ಅವಳು ಮತ್ತೆ ಏಳಲಿಲ್ಲ. ಆಗ ಪುಟದ ಅಂಕಿಯ ಮೇಲೆ ಕಣ್ಣು ಬಿತ್ತು; ಅಂಕಿ ಒಮ್ಮೆಲೇ ಎಷ್ಟೋ ಮುಂದಕ್ಕೆ ಜಿಗಿದಿತ್ತು. ಇದು ಕೊನೆಯ ಫಾರಂ! ತಂದು ನಡುವೆ ಹೊಲಿದವಳು ಬೇರಾರೂ ಅಲ್ಲ, ತಾನೇ.

ಅವನು ತಟ್ಟೆಯನ್ನು ಅತ್ತ ನೂಕಿದ.

"ನನ್ನದೇ ತಪ್ಪು ಕಣ್ರೀ," ಎಂದಳು. "ಕೊನೇ ಫಾರಂ ನಡುವೆ ಹೊಲಿದುಬಿಟ್ಟಿದೀನಿ. ಇನ್ನೂ ಅರ್ಧ ಪುಸ್ತಕ ಇದೆ. ಆದ್ರೆ ಕೊನೆಗೆ ಅವಳು ಸಾಯೋದು ನಿಜ."

ಸುಳ್ಳು ಹೇಳಬಹುದಿತ್ತು, ಪುಣ್ಯಾತ್ಗಿತ್ತಿಗೆ ಹೊಳೆಯಲಿಲ್ಲ. ಅವನು ಕೈಚಾಚಿ ಪುಸ್ತಕ ತಡಕಿದ. ಉಳಿದ ಪುಟಗಳ ದಪ್ಪವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದ.

"ಇಷ್ಟು ದೂರ ಇನ್ನೂ ನಡೀತಾಳಾ?"

"ಹೂಂ."

"ಸಾಯೋದಂತೂ ಗೊತ್ತಾಯ್ತಲ್ಲ. ಅಲ್ಲೀವರೆಗೆ ಕೆಂಡ ಹೇಗೆ ಕಾಪಾಡ್ತಾಳೆ, ಅದನ್ನ ಓದು."

ಓದಲು ಅವಳಿಗೆ ಅಕ್ಷರವೇ ಕಾಣಿಸಲಿಲ್ಲ, ಕಣ್ಣು ತುಂಬಿ ಬಂದಿತ್ತು. ಮೂಗೆಳೆದ ಸದ್ದು ಅವನಿಗೆ ಕೇಳಿಸಿತು.

"ಅಳೋದು ಆಮೇಲೆ," ಎಂದ. "ಮೊದಲು ಆ ತಟ್ಟೆ ಈ ಕಡೆ ತಳ್ಳು."