ಉತ್ತರವನ್ನು ಕೊನೆಗೆ ಹೇಳುತ್ತಿದ್ದ ರೋಹಿಣಿ

ರೋಹಿಣಿಯನ್ನು ಏನು ಕೇಳಿದರೂ ಉತ್ತರ ಕೊನೆಯಲ್ಲಿ ಬರುತ್ತಿತ್ತು. ಚಹಾ ಬೇಕೇ ಎಂದು ತಾಯಿ ಅಡುಗೆಮನೆಯಿಂದ ಕೂಗಿದರೆ, "ಹಾಲು ಮುಂಜಾನಿದು ಅಂತ ಹಿಡಿ. ಅಪ್ಪ ಇನ್ನೂ ಕುಡಿದಿಲ್ಲ ಅಂತ ಹಿಡಿ. ಹಂಗಾದ್ರ..." ಎಂದು ಶುರುಮಾಡುತ್ತಿದ್ದಳು.

"ಏ ಹುಡುಗಿ, ಬೇಕೋ ಬ್ಯಾಡೋ?"

"ಬೇಕು. ಅಲ್ಲಿಗೇ ಬರಾಕತ್ತಿದ್ದೆ."

ಚಿಂಚವಾಡದ ಆ ಮನೆಯ ಮಾಳಿಗೆಯ ಕೋಣೆಯಲ್ಲಿ ನಾನು ಬಾಡಿಗೆಗಿದ್ದೆ. ಪತ್ರಿಕೆಯೊಂದರ ವಾಣಿಜ್ಯ ಪುಟದ ಉಪಸಂಪಾದಕ. ಕೆಳಗೆ ಬಸಪ್ಪನವರ ಸಂಸಾರ. ಅವರು ಜಮಖಂಡಿ ಕಡೆಯವರು, ಪಿಂಪ್ರಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಗುಮಾಸ್ತರು. ಒಬ್ಬಳೇ ಮಗಳು ರೋಹಿಣಿ ಎಂ.ಎಸ್ಸಿ.ಯಲ್ಲಿ ಗಣಿತವನ್ನೂ ಕಂಪ್ಯೂಟರನ್ನೂ ಓದುತ್ತಿದ್ದಳು. ಹಿಂಜವಾಡಿಗೆ ಸಾಫ್ಟ್‌ವೇರ್ ಕಂಪನಿಗಳ ಬಸ್ಸುಗಳು ಸಾಲುಗಟ್ಟತೊಡಗಿದ್ದ ವರ್ಷಗಳು ಅವು. ಜತೆಯವರೆಲ್ಲ ಆ ಬಸ್ಸು ಹತ್ತುವ ತಯಾರಿಯಲ್ಲಿದ್ದರೆ ಇವಳು ನನ್ನ ಪುಟದ ಷೇರು ದರಗಳನ್ನು ನೋಡುತ್ತ ಕೂರುತ್ತಿದ್ದಳು.

"ಅಣ್ಣಾ, ಈ ದರ ಕುಡುಕ ನಡದಂಗ ನಡೀತಾವ ನೋಡ್ರಿ. ನಮ್ಮ ಕ್ಲಾಸಿನ್ಯಾಗ ಕುಡುಕನ ನಡಿಗಿಗೂ ಗಣಿತ ಅದ."

ಅವಳಿಗೆ ಬೇಕಿದ್ದದ್ದು ಮುಂಬೈಯ ಯಾವುದಾದರೂ ಹಣಕಾಸು ಸಂಸ್ಥೆಯಲ್ಲಿ, ನಷ್ಟದ ಸಾಧ್ಯತೆಯನ್ನು ಲೆಕ್ಕ ಹಾಕುವ ವಿಭಾಗದಲ್ಲಿ, ಬೇಸಿಗೆಯ ಇಂಟರ್ನ್‌ಶಿಪ್. ಅಂಥ ಸಂಸ್ಥೆಗಳು ಮ್ಯಾನೇಜ್‌ಮೆಂಟ್ ಕಾಲೇಜುಗಳಿಗೆ ಹೋಗುತ್ತಿದ್ದವೇ ಹೊರತು ಗಣಿತ ವಿಭಾಗದ ಕಡೆಗೆ ತಲೆ ಹಾಕುತ್ತಿರಲಿಲ್ಲ. ಈ ಬೇಸಿಗೆ ಸಿಗದಿದ್ದರೆ ಸುಮ್ಮನೆ ಹಿಂಜವಾಡಿಯ ಬಸ್ಸು ಹತ್ತಬೇಕೆಂದು ತಂದೆ-ಮಗಳ ನಡುವೆ ಒಪ್ಪಂದವಾಗಿತ್ತು. ಸೈಬರ್ ಕೆಫೆಯಲ್ಲಿ ಕುಳಿತು ಅವಳೇ ಸಂಸ್ಥೆಗಳಿಗೆಲ್ಲ ಇ-ಮೇಲ್ ಬರೆದಳು. ಬಹುತೇಕ ಕಡೆಯಿಂದ ಉತ್ತರವಿಲ್ಲ. ಕಡೆಗೆ ಒಬ್ಬರು ಸಂದರ್ಶನಕ್ಕೆ ಕರೆದರು.

ಬಸಪ್ಪನವರು ರಜೆ ಹಾಕಿ ಜತೆಗೆ ಹೋದರು. ಒಳಗೆ ಕೇಳಿದ್ದು ಸರಳ ಪ್ರಶ್ನೆ: ಇಂಥ ಸಾಲಪತ್ರವನ್ನು, ಅಂದರೆ ಬಾಂಡನ್ನು, ಈ ಬೆಲೆಗೆ ಕೊಳ್ಳುತ್ತೀರಾ? ರೋಹಿಣಿ ಗಣಿತದವರ ಪದ್ಧತಿಯಂತೆ ಗೃಹೀತಗಳಿಂದ ಆರಂಭಿಸಿದಳು. ಬಡ್ಡಿದರ ಬದಲಾಗುವುದಿಲ್ಲ ಎಂದು ಹಿಡಿಯೋಣ, ಸಾಲ ಪಡೆದವನು ಮುಳುಗುವುದಿಲ್ಲ ಎಂದು ಹಿಡಿಯೋಣ. ಹಿಡಿಯುವುದು ಮುಗಿಯುವ ಮೊದಲೇ ಸಂದರ್ಶನ ಮುಗಿಯಿತು.

"ಒಳಗ ಏನ್ ಹೇಳಿದೆವ್ವಾ?" ಎಂದು ತಂದೆ ಕೇಳಿದರಂತೆ.

"ಉತ್ತರ ಒಂದು ಹೇಳೂದು ಉಳೀತಪ್ಪಾ."

ಮರುದಿನ ಮೆಟ್ಟಿಲ ಮೇಲೆ ಪತ್ರಿಕೆ ಹರವಿ ನಮ್ಮ ಕಸುಬಿನ ಪಾಠ ಹೇಳಿದೆ. "ನೋಡವ್ವಾ, ನಮ್ಮಲ್ಲಿ ಸುದ್ದಿ ಮೊದಲ ಸಾಲಿನ್ಯಾಗ ಬರಬೇಕು. ಬಸ್ ಉರುಳಿದ್ರ ಎಷ್ಟು ಮಂದಿ ಸತ್ರು ಅನ್ನೂದು ಮೊದಲು. ತಿರುವು, ಬ್ರೇಕು, ಮಳಿ ಎಲ್ಲಾ ಆಮ್ಯಾಲ."

"ಇದ್ಯಾವ ನ್ಯಾಯ ಅಣ್ಣಾ? ಯಾಕ, ಹ್ಯಾಂಗ ಅಂತ ಹೇಳದ ಸತ್ರು ಅಂದ್ರ, ಕೇಳಿದವ್ರ ಎದಿ ಏನಾಗಬೇಕು?"

"ಓದೋರಿಗೆ ಪುರುಸೊತ್ತಿರೂದಿಲ್ಲ."

"ಹಂಗಾದ್ರ ಮುಂಬೈಯವ್ರಿಗೂ ಇಲ್ಲ ಬಿಡ್ರಿ," ಎಂದು ನಕ್ಕಳು.

ಅಂದಿನಿಂದ ಅಭ್ಯಾಸ ನಡೆಯಿತು. ಆಫೀಸಿಗೆ ಹೊರಡುವಾಗ ಚಪ್ಪಲಿ ಮೆಟ್ಟುತ್ತ ಪ್ರಶ್ನೆ ಎಸೆಯುತ್ತಿದ್ದೆ: "ಇವತ್ತು ಲೋಕಲ್ ತಡ ಆಗ್ತದೇನು?" "ಆಗ್ತದ್ರಿ. ಯಾಕಂದ್ರ..." ಮೊದಮೊದಲು ಉತ್ತರ ಹೇಳಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು, ಏನೋ ತಪ್ಪು ಮಾಡಿದವಳಂತೆ. "ಅಂತೂ ಚಾ ಬೇಕು ಅನ್ನೂದು ಮೊದಲು ಬರಾಕತ್ತು. ಇಷ್ಟಕ್ಕ ಎಂ.ಎಸ್ಸಿ. ಬೇಕಾತೇನು?" ಎಂದು ತಾಯಿ ಕಿಚಾಯಿಸಿದರು.

ಬೇಸಿಗೆ ಹತ್ತಿರವಾದಾಗ ಇನ್ನೊಂದು ಸಂಸ್ಥೆ ಕರೆಯಿತು. ಸಂದರ್ಶನದ ದಿನ ಸಂಜೆ ನನ್ನ ಆಫೀಸಿಗೆ ಅವಳ ಫೋನು ಬಂತು. "ಸಿಕ್ತು. ಕಾರಣ ಮನ್ಯಾಗ ಹೇಳ್ತೀನಿ," ಎಂದು ಇಟ್ಟುಬಿಟ್ಟಳು. ಹೆಚ್ಚುಕಡಿಮೆ ಅದೇ ಪ್ರಶ್ನೆಯಂತೆ. "ಕೊಳ್ಳುವುದಿಲ್ಲ" ಎಂದು ಮೊದಲೇ ಹೇಳಿದಳಂತೆ. ಕೇಳಿದವರು ಪೆನ್ನು ಕೆಳಗಿಟ್ಟು, ಯಾಕೆ ಎಂದರಂತೆ. ಆಮೇಲೆ ಅವಳ ಗೃಹೀತಗಳನ್ನೆಲ್ಲ ಕೂತು ಕೇಳಿದರಂತೆ.

ಮುಂಬೈಯ ಹಾಸ್ಟೆಲಿನಿಂದ ಶನಿವಾರ ಮನೆಗೆ ಬರುತ್ತಿದ್ದಳು. ಒಂದು ಭಾನುವಾರ ಅವಳನ್ನು ಕಳಿಸಲು ಬಸಪ್ಪನವರ ಜತೆ ನಾನೂ ಚಿಂಚವಾಡ ಸ್ಟೇಷನ್ನಿಗೆ ಹೋಗಿದ್ದೆ. ಗಾಡಿಯ ಕಿಟಕಿಯ ಬಳಿ ನಿಂತು, ಕೆಲಸ ಹಿಡಿಸಿತೇ ಎಂದು ಕೇಳಿದೆ.

"ಕುರ್ಚಿ ಭಾಳ ಮೆತ್ತಗ ಅದ ಅಂತ ಹಿಡೀರಿ. ಮಗ್ಗಲಕ ಕೂತವ್ರೆಲ್ಲಾ ಎಂಬಿಎ ಮಾಡಿದವ್ರು ಅಂತ ಹಿಡೀರಿ..." ಬೇಕೆಂದೇ ಹಳೆಯ ಧಾಟಿ ಹಿಡಿದಿದ್ದಳು. ಉತ್ತರಕ್ಕೆ ಬರುವ ಮೊದಲೇ ಗಾಡಿ ಹೊರಟಿತು. ಕಿಟಕಿಯಿಂದ ಕೈ ಬೀಸಿ, ಮುಂದಿನ ವಾರ ಎಂಬಂತೆ ಸನ್ನೆ ಮಾಡಿದಳು.

ಆ ವಾರ ಮುಂಬೈಯಲ್ಲಿ ಮಳೆ ಹಿಡಿದಿತ್ತು. ಶುಕ್ರವಾರ ಮಧ್ಯಾಹ್ನ ಪುಟ ಕಟ್ಟುತ್ತಿದ್ದಾಗ, ಹಾಸ್ಟೆಲಿನವರು ಕರೆದರೆಂದು ಬೆಳಿಗ್ಗೆಯೇ ಹೊರಟುಹೋಗಿದ್ದ ಬಸಪ್ಪನವರ ಫೋನು ಅಲ್ಲಿನ ಆಸ್ಪತ್ರೆಯಿಂದ ಬಂತು.

"ಸರ, ಮಂಗಳವಾರ ಜ್ವರ ಬಂತ್ರಿ. ಹಾಸ್ಟೆಲಿನವ್ರು ಗುಳಿಗಿ ಕೊಟ್ಟಾರ. ಬುಧವಾರ ಆಫೀಸಿಗೂ ಹೋಗ್ಯಾಳ..."

ಮಾತು ಸುತ್ತಿಸುವ ವರದಿಗಾರರನ್ನು, ಏನಾಯಿತು ಅದನ್ನು ಮೊದಲು ಹೇಳಿ ಎಂದು ದಿನವೂ ತಡೆಯುವುದು ನನ್ನ ಕೆಲಸ. ಅಂದು ತಡೆಯಲಿಲ್ಲ. ಅವರು ಹೇಳುತ್ತಿದ್ದಷ್ಟು ಹೊತ್ತು ರೋಹಿಣಿಗೆ ಬರೀ ಜ್ವರವಿತ್ತು. ಗುಳಿಗೆ ನುಂಗುತ್ತಿದ್ದಳು, ಗೆಳತಿಯ ಹೆಗಲು ಹಿಡಿದು ಟ್ಯಾಕ್ಸಿ ಹತ್ತುತ್ತಿದ್ದಳು, ಆಸ್ಪತ್ರೆಯ ಬಾಗಿಲಲ್ಲಿ ತನ್ನ ಹೆಸರನ್ನು ತಾನೇ ಹೇಳುತ್ತಿದ್ದಳು. ಅವರು ಉಸಿರಿಗೆ ನಿಂತಾಗಲೆಲ್ಲ ನಾನು, "ಹೂಂ, ಆಮ್ಯಾಲ?" ಎನ್ನುತ್ತಿದ್ದೆ.

"ಡಾಕ್ಟರು ಒಳಗ ಕರದ್ರು ಸರ. ಹೋದೆ."

"ಹೂಂ. ಆಮ್ಯಾಲ?"

"ಆಮ್ಯಾಲ ಏನೂ ಇಲ್ರಿ ಸರ. ಹೋಗಿಬಿಟ್ಟಿದ್ಲು."