ಪುಟ್ಟಿ ತುಂಬದ ಬಾಗಿಲು

ಅಪ್ಪನ ಅಂಬಾಸಿಡರ್ ಕಾರು ತವರೂರು ಹೆಮ್ಮರಗಾಲದಿಂದ ನಂಜನಗೂಡಿನ ನಮ್ಮ ಮನೆಗೆ ಬಂದದ್ದು ಟ್ರ್ಯಾಕ್ಟರಿನ ಹಿಂದೆ, ಹಗ್ಗ ಕಟ್ಟಿಸಿಕೊಂಡು. ಅಣ್ಣ ಹೊಸದಾಗಿ ಸೀಮೆಹಸು ತಂದಿದ್ದ. ಕೊಟ್ಟಿಗೆ ಸಾಲದು, ಕಾರು ನಿಂತಿರುವ ಜಾಗ ಬೇಕು ಅಂದ. ಗುಜರಿಗೆ ಹಾಕಲು ಅಪ್ಪನೂ ಒಪ್ಪಿಬಿಟ್ಟಿದ್ದರು. ನಾನು ಒಪ್ಪಲಿಲ್ಲ.

"ಒಪ್ದೆ ಏನ್ ಮಾಡೀಯೆ? ಬಾಗ್ಲಿಗೆ ಕೈ ತೂರ್ಸುದ್ರೆ ಆ ಕಡಿಕೆ ಬತ್ತದೆ ಕಣಮ್ಮಿ," ಅಂದ ಅಣ್ಣ.

ಸುಳ್ಳಲ್ಲ. ಇಂಜಿನ್ನಿಗೆ ಬ್ಯಾಟರಿ ಒಂದಿದ್ದರೆ ಸಾಕಿತ್ತು. ಆದರೆ ಕೊಟ್ಟಿಗೆಯ ಸೂರಿನ ನೀರು ಬೀಳುತ್ತಿದ್ದ ಎಡಗಡೆಯ ಎರಡೂ ಬಾಗಿಲು ಕೆಳಗಿನಿಂದ ತುಕ್ಕು ಹಿಡಿದು ಹಪ್ಪಳದ ಹಾಗೆ ಮುರಿಯುತ್ತಿದ್ದವು.

ಅಪ್ಪನ ಕಾರಣವೇ ಬೇರೆ. "ನೀನು ಮೇಡಮ್ಮು. ಈ ತೂತ್ ಗಾಡೀಲಿ ಕಾಲೇಜ್ಗೆ ಒಂಟ್ರೆ ಜನ ಏನಂದಾರು? ಒಸದು ತಗ ಮಗಾ."

"ಬಾಗಿಲು ಸರಿ ಮಾಡಿದ್ರೆ ಇಟ್ಕೊಳ್ಳಲಾ?"

ಅಪ್ಪ ಯೋಚಿಸಿದರು. "ಸರೋದ್ರೆ ಮಡಿಕ. ಸಂಕ್ರಾಂತಿ ಕಳೀಲಿ, ಬಂದು ನೋಡ್ತೀನಿ. ಆಗ್ನಿಲ್ಲ ಅಂದ್ರೆ ಗುಜರಿಯೋನು ಬತ್ತಾನೆ, ಅಳ್ಬಾರ್ದು."

ಒಂದು ಕಾಲದಲ್ಲಿ ಆ ಕಾರು ನಂಜನಗೂಡಿಗೂ ತಿರುಮಕೂಡಲಿಗೂ ನಡುವೆ ಬಾಡಿಗೆ ಓಡುತ್ತಿತ್ತು. ಅಪ್ಪನೇ ಡ್ರೈವರು, ಅಪ್ಪನೇ ಓನರು. ನಾನು ಡಿಗ್ರಿ ಓದುವಾಗ ಮುಂದಿನ ಸೀಟಿನಲ್ಲಿ ನನಗೊಂದು ಜಾಗ ಕಾಯಂ. ಹೆಡತಲೆಯ ಜಮೀನುದಾರರೊಬ್ಬರು ಒಂದು ಸಲ ರೇಗಿದ್ದರು: "ಏನಯ್ಯಾ, ಮಗ್ಳುನ್ನ ಮುಂದೆ ಕೂರ್ಸಿ ನಮ್ಮುನ್ನ ಇಂದೆ ತುಂಬ್ತೀಯಾ? ಓದಿ ಇವ್ಳೇನ್ ಅಮಲ್ದಾರ್ ಆದಾಳಾ?"

"ಆಗ್ದಿದ್ರೂ ಚಿಂತಿಲ್ಲ ಸಾ. ಕಾಲೇಜ್ಗೆ ಲೇಟಾಗ್ಬಾರ್ದು," ಅಂದು ಅಪ್ಪ ಗೇರು ಹಾಕಿದ್ದರು.

ನಾನು ಅಮಲ್ದಾರ್ ಆಗಲಿಲ್ಲ. ತಿ. ನರಸೀಪುರದ ಒಂದು ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮ ವಂಶದಲ್ಲಿ ಹೆಸರಿನ ಮುಂದೆ ಡಿಗ್ರಿ ಬರೆದುಕೊಂಡವಳು ನಾನೇ ಮೊದಲು. ಇದನ್ನು ಸಂಕೋಚಪಟ್ಟು ಹೇಳಬೇಕೆಂದು ಕೆಲವರು ಬಯಸುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಆ ಡಿಗ್ರಿಯನ್ನು ಹೊತ್ತು ತಂದ ಗಾಡಿಯನ್ನು ತೂಕಕ್ಕೆ ಹಾಕುವುದಕ್ಕೂ ನಾನು ತಯಾರಿರಲಿಲ್ಲ.

ಮೊದಲು ಹೋದದ್ದು ಟಿಂಕರಿಂಗ್ ಮಾಡುವವನ ಹತ್ತಿರ. ಅವನು ಬಾಗಿಲನ್ನು ಬೆರಳಿನಿಂದ ತಟ್ಟಿ ನಕ್ಕ. "ತೂತ್ಗೆ ಜಾಲರಿ ಇಟ್ಟು, ಮೇಲೆ ಪುಟ್ಟಿ ಪೇಸ್ಟ್ ತುಂಬಿ ಬಣ್ಣ ಒಡುದ್ರೆ ಕನ್ನಡಿ ಆಯ್ತದೆ ಮೇಡಂ. ಯಾರ್ಗೂ ಗೊತ್ತಾಗಕಿಲ್ಲ."

"ಒಳಗಿನ ತುಕ್ಕು?"

"ಒಳಿಕ್ಕೆ ಯಾರ್ ನೋಡಾರು?"

ಕಬ್ಬಿಣ, ನೀರು, ಗಾಳಿ ಸೇರಿದರೆ ಏನಾಗುತ್ತದೆಂದು ವರ್ಷವೂ ಬೋರ್ಡಿನ ಮೇಲೆ ಬರೆಯುವವಳಿಗೆ ಹೇಳುವ ಮಾತೇ ಇದು? ಬಾಗಿಲು ನಾನೇ ಮಾಡುತ್ತೇನೆ ಎಂದು ಅವನೆದುರೇ ಹೇಳಿ ಬಂದೆ. ಹೇಳುವಾಗ ನನಗೆ ವೆಲ್ಡಿಂಗ್ ಬರುತ್ತಿರಲಿಲ್ಲ.

ಕಾಲೇಜು ಬಿಟ್ಟ ಮೇಲೆ, ರಜೆಯಲ್ಲಿ, ಅಂಗಳವೇ ಗ್ಯಾರೇಜಾಯಿತು. ನನ್ನ ಗಂಡ ಬಾಗಿಲುಗಳನ್ನು ಬಿಚ್ಚಿ ಇಳಿಸುವಾಗ ಒಂದು ಕೈ ಹಿಡಿದರು. ಆಮೇಲೆ ಕೈಯನ್ನೂ ಹಾಕಲಿಲ್ಲ, ಬಾಯಿಯನ್ನೂ ಹಾಕಲಿಲ್ಲ. ಅದೇ ದೊಡ್ಡ ಉಪಕಾರ. ಕೊಳೆತ ತಗಡನ್ನು ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿದೆ. ರಟ್ಟಿನಲ್ಲಿ ಅಳತೆ ತೆಗೆದು ಹೊಸ ತಗಡು ಕತ್ತರಿಸಿ, ಬಟ್ಟೆ ಒಗೆಯುವ ಕಲ್ಲಿನ ಅಂಚಿಗಿಟ್ಟು ಬಡಿದು ಬಗ್ಗಿಸಿದೆ. ಕಿಟಕಿ ಗ್ರಿಲ್ ಮಾಡುವ ಅಂಗಡಿಯಿಂದ ವೆಲ್ಡಿಂಗ್ ಮೆಷಿನ್ ಬಾಡಿಗೆಗೆ ತಂದೆ. ಮೊದಲ ತಗಡು ಪೂರ್ತಿ ಸುಟ್ಟು ಜರಡಿಯಾಯಿತು. ತೆಳು ತಗಡಿಗೆ ಉದ್ದಕ್ಕೆ ಬೆಂಕಿ ಎಳೆಯಬಾರದು, ರಂಗೋಲಿ ಹಾಕುವಾಗ ಇಡುವಂತೆ ಚುಕ್ಕಿ ಚುಕ್ಕಿಯಾಗಿ ಇಟ್ಟು, ಆರಲು ಬಿಟ್ಟು, ಮತ್ತೆ ಇಡಬೇಕು. ಅದನ್ನು ಕಲಿಯುವಷ್ಟರಲ್ಲಿ ಮೂರು ಸೀರೆಗಳ ಸೆರಗಿನಲ್ಲಿ ಕಿಡಿ ಬಿದ್ದಿತ್ತು. ಆಮೇಲೆ ಗಂಡನ ಹಳೇ ಪ್ಯಾಂಟು ಹಾಕಿಕೊಂಡೆ.

ಎದುರುಮನೆಯ ನಿವೃತ್ತ ಟೀಚರಮ್ಮ ಗೇಟಿನಿಂದಲೇ ಕೇಳಿದರು. "ಏನ್ರೀ ಇದು ಅವತಾರ? ಎಂಎಸ್ಸಿ ಮಾಡ್ಕೊಂಡು ತಗಡು ಬಡೀತಾ ಕೂತಿದೀರಲ್ಲ!"

"ಎಂಎಸ್ಸಿ ಮಾಡಿರೋದಕ್ಕೇ ಬಡೀತಿದೀನಿ ಕಣ್ರೀ. ನಿಮ್ಮ ಗೇಟಿಗೂ ತುಕ್ಕು ಹಿಡಿದಿದೆ. ಇದಾದ ಮೇಲೆ ಬರ್ತೀನಿ, ತಡೀರಿ."

ಅವರು ಗೇಟು ಹಾಕಿಕೊಂಡು ಒಳಗೆ ಹೋದರು.

ಹಿಂದಿನ ಬಾಗಿಲನ್ನು ಕತ್ತರಿಸುವ ಮೊದಲು ಒಳಗಡೆ ಕೆರೆಯುವಾಗಲೇ ತುಕ್ಕಿನ ಕಾರಣ ಸಿಕ್ಕಿತ್ತು. ಕಾರಿನ ಗಾಜಿನ ಸಂದಿಯಿಂದ ನೀರು ಬಾಗಿಲೊಳಗೆ ಇಳಿದೇ ಇಳಿಯುತ್ತದೆ. ಅದು ಹೊರಗೆ ಹೋಗಲೆಂದು ಬಾಗಿಲಿನ ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ಇಲ್ಲಿ ಆ ತೂತುಗಳಿಗೆಲ್ಲ ಡಾಂಬರು ಮೆತ್ತಿತ್ತು. ಡಾಂಬರಿನ ಮೇಲೆ ಅಗಲವಾದ ಹೆಬ್ಬೆರಳಿನ ಗುರುತು. ಯಾರದೆಂದು ಕೇಳುವ ಅಗತ್ಯವಿರಲಿಲ್ಲ.

ಸಂಕ್ರಾಂತಿ ಕಳೆದ ವಾರ ಅಣ್ಣ ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ. ಬಾಗಿಲುಗಳು ಕೆಂಪು ಪ್ರೈಮರಿನಲ್ಲಿ ಕಾರಿಗೆ ಕೂತಿದ್ದವು. ಅಣ್ಣ ಗೆಣ್ಣಿನಿಂದ ಕುಟ್ಟಿ ನೋಡಿದ. "ಗಟ್ಟಿಯಾಗೇನೋ ಅದೆ. ಮೊಖ ಮಾತ್ರ ಸಿಡುಬು ಬಂದಂಗದೆ."

ನಾನು ಡಾಂಬರಿನ ಉಂಡೆ ತೋರಿಸಿ, ಎಲ್ಲಿ ಸಿಕ್ಕಿತೆಂದು ಹೇಳಿದೆ. ಅಣ್ಣ ಚಪ್ಪಾಳೆ ತಟ್ಟಿದ. "ಅಂಗಾರೆ ಬಾಗ್ಲ ಕೊಳ್ಸಿದ್ದು ನೀನೇ ಕಣಪ್ಪೋ!"

ಅಪ್ಪ ತಲೆ ತಗ್ಗಿಸುವವರಲ್ಲ. "ಊಂ ಕಣ್ಲಾ, ನಾನೇ ಮುಚ್ಚಿದ್ದು. ಕಳಲೆಗೆ ಮದ್ವೆಗೋಗೋರು ರೇಷ್ಮೆ ಸೀರೆ ಉಟ್ಕಂಡು ಕೂರೋರು. ಆ ತೂತ್ಲಿ ನುಗ್ಗಿ, ಇಳಿಯೋವತ್ಗೆ ಮೈಯೆಲ್ಲ ಕೆಂಪು ಧೂಳು. ದಿನಾ ಬೈಸ್ಕಂಡು ಬಾಡ್ಗೆ ಒಡಿಯಕಾಯ್ತದಾ?" ಅಂದವರು ಬಗ್ಗಿ ಬಾಗಿಲಿನ ಅಡಿ ನೋಡಿದರು. "ತಿರ್ಗಾ ತೂತ್ ಕೊರ್ದಿದ್ದೀಯಲ್ಲಾ ಮಗಾ? ಮುಚ್ಬುಡು."

"ಮುಚ್ಚಲ್ಲ ಅಪ್ಪ."

"ಏ, ಈ ಗಾಡಿ ಡ್ರೈವರ್ ನಾನು."

"ಇನ್ಮೇಲೆ ಓಡ್ಸೋಳು ನಾನು. ಧೂಳು ಬಂದ್ರೆ ಒರುಸ್ಕತೀನಿ. ಬಾಗ್ಲು ಕೊಳೀಬಾರ್ದು."

ಅಪ್ಪನಿಗೆ ಎದುರು ಮಾತಾಡುವ ರೂಢಿ ನಮ್ಮ ಮನೆಯಲ್ಲಿಲ್ಲ. ಅಣ್ಣನ ನಗು ನಿಂತಿತು. ಅಪ್ಪ ಬೇಡವೆಂದರೆ ಕಾರು ಅಲ್ಲಿಗೇ ಮುಗಿಯುತ್ತಿತ್ತು. ಅದು ನನಗೆ ಗೊತ್ತಿತ್ತು. ಆದರೂ ಮುಚ್ಚುತ್ತೇನೆ ಎಂಬ ಮಾತು ಬಾಯಿಗೆ ಬರಲಿಲ್ಲ. ಒಂದು ಚೊಂಬು ನೀರು ತಂದು ಅವರ ಕೈಗೇ ಕೊಟ್ಟು, "ಗಾಜಿನ ಸಂದಿಗೆ ಸುರಿ," ಅಂದೆ.

ಸುರಿದರು. ನೀರು ಒಳಗೆ ಮಾಯವಾಯಿತು. ಆಮೇಲೆ ಅಡಿಯ ತೂತುಗಳಿಂದ ದಾರದ ಹಾಗೆ ಇಳಿದು ಅಂಗಳಕ್ಕೆ ಹರಿಯಿತು. ಅಪ್ಪ ಮಂಡಿಯ ಮೇಲೆ ಕೈಯೂರಿ ಕೊನೆಯ ಹನಿಯವರೆಗೂ ನೋಡಿದರು. ನಂಬಿಕೆ ಸಾಲದೆ ಇನ್ನೊಂದು ಚೊಂಬು ತರಿಸಿ ಮುಂದಿನ ಬಾಗಿಲಿಗೂ ಸುರಿದರು. ಅದೂ ಹೊರಗೆ ಬಂತು.

ಚೊಂಬನ್ನು ನನ್ನ ಕೈಗೆ ಕೊಟ್ಟರು. ಅಣ್ಣನ ಕಡೆ ತಿರುಗಿ, "ಗುಜರಿಯೋನ್ಗೆ ಫೋನ್ ಮಾಡ್ಲಾ. ಬರ್ಬ್ಯಾಡ ಅನ್ನು," ಅಂದರು.

ಅಣ್ಣ ಫೋನು ತೆಗೆದವನು ಇನ್ನೂ ಗೊಣಗುತ್ತಿದ್ದ. "ಆ ಉಬ್ಬುತಗ್ಗಿಗಾದ್ರೂ ವಸಿ ಪುಟ್ಟಿ ಆಕ್ಸಮ್ಮಿ. ನೋಡ್ದೋರು ನಗ್ತಾರೆ."

"ನಗ್ಲಿ ಬಿಡಣ್ಣಾ."

ಹಾಕಿಸಲಿಲ್ಲ. ಬಿಳಿ ಬಣ್ಣದ ಕೆಳಗೆ ನಾನು ಇಟ್ಟ ಒಂದೊಂದು ಚುಕ್ಕಿಯೂ ಬಿಸಿಲಿಗೆ ಎದ್ದು ಕಾಣುತ್ತದೆ. ಕಾಲೇಜಿನಲ್ಲಿ ಕಾರು ನಿಲ್ಲಿಸುವಾಗ ಬಲಗಡೆಯನ್ನು ಗೋಡೆಗೆ ಕೊಟ್ಟು, ಎಡಗಡೆ ಗೇಟಿಗೆ ಕಾಣುವಂತೆ ನಿಲ್ಲಿಸುತ್ತೇನೆ.