ಒಂದು ಸ್ಪ್ಯಾನರ್ ಕಮ್ಮಿ

ಎದುರುಮನೆ ಮಾಮನ ಎಡಗಿವಿಯನ್ನು ವಿಮಾನದ ಇಂಜಿನ್‌ಗಳು ತಿಂದುಹಾಕಿದ್ದವು. ಮಾತಾಡಿಸಿದರೆ ತಲೆ ಓರೆ ಮಾಡಿ ಬಲಗಿವಿ ಮುಂದೆ ತರುತ್ತಿದ್ದರು. ಅವರ ಮಾತು ಮಾತ್ರ ಚೆನ್ನೈನ ಟಿ. ನಗರದ ನಮ್ಮ ಬೀದಿಗೆಲ್ಲ ಕೇಳುತ್ತಿತ್ತು. ಎಪ್ಪತ್ತೊಂದರ ಯುದ್ಧದ ಕಾಲದಲ್ಲಿ ಅಂಡಮಾನಿನ ಆಚೆಯ ದ್ವೀಪವೊಂದರ ಏರ್‌ಫೀಲ್ಡಿನಲ್ಲಿ ವಾಯುಸೇನೆಯ ಮೆಕ್ಯಾನಿಕ್ ಆಗಿದ್ದವರು. ಅಲ್ಲಿನ ಏಡಿಗಳು ತೆಂಗಿನಕಾಯಿ ಒಡೆಯುವ ಕಥೆ ನನಗೆ ಬಾಯಿಪಾಠ. ಯುದ್ಧದ ಬಗ್ಗೆ ಕೇಳಿದರೂ ಏಡಿಯನ್ನೇ ಮುಂದೆ ಬಿಡುತ್ತಿದ್ದರು.

ಸ್ಕ್ರೂಡ್ರೈವರ್ ಕೇಳಿದರೆ ಕೊಡುವರು, ಜೊತೆಗೆ ತಾವೂ ಬರುವರು. ಅದು ಮತ್ತೆ ಪೆಟ್ಟಿಗೆ ಸೇರುವವರೆಗೆ ಕೊಟ್ಟ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. "ವಿಮಾನದೊಳಗೆ ಒಂದು ಟೂಲ್ ಉಳಿದ್ರೂ ಮುಗೀತಮ್ಮ," ಎನ್ನುವರು. ನಾನು ಆಪರೇಷನ್ ಥಿಯೇಟರಿನ ನರ್ಸ್. ಹೊಲಿಗೆ ಹಾಕುವ ಮೊದಲು ನಾವೂ ಎಲ್ಲ ಸಲಕರಣೆಗಳನ್ನೂ ಎಣಿಸುತ್ತೇವೆ. ಹಾಗಾಗಿ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು.

ಒಂದು ದಿನ ನನ್ನ ಎಣಿಕೆಯಲ್ಲಿ ಚಿಕ್ಕ ಇಕ್ಕಳವೊಂದು ಕಮ್ಮಿ ಬಂತು. ಮೇಜಿನ ಮೇಲಿದ್ದ ಹೆಂಗಸಿನ ಬಿಪಿ ಇಳಿಯುತ್ತಿತ್ತು. "ಟೈಮ್ ಇಲ್ಲೈ ಸಿಸ್ಟರ್," ಟೈಮಿಲ್ಲ ಎಂದು ಡಾಕ್ಟರ್ ತಮಿಳಿನಲ್ಲಿ ಗದರಿದರು. ನಾನು ಹೊಲಿಗೆ ಹಾಕಲು ಬಿಡಲಿಲ್ಲ. ಹುಡುಕಿ ಹುಡುಕಿ, ಕೊನೆಗೆ ಹೊದಿಸಿದ್ದ ಬಟ್ಟೆಯ ಮಡಿಕೆಯಲ್ಲಿ ಸಿಕ್ಕಿತು. ಆಕೆಯನ್ನು ಐಸಿಯುಗೆ ಸಾಗಿಸಿದರು; ಉಳಿಯುವುದು ಕಷ್ಟ ಎಂದರು.

ಡ್ಯೂಟಿ ಮುಗಿಸಿ ನೇರ ಮಾಮನ ಮನೆಗೆ ಹೋದೆ. 'ನೀನು ಮಾಡಿದ್ದೇ ಸರಿ' ಎಂದಾರು ಎಂಬ ಆಸೆ. ಅವರು ಎಂದೂ ಇಲ್ಲದ ಸಣ್ಣ ದನಿಯಲ್ಲಿ ಶುರು ಮಾಡಿದರು.

"ದ್ವೀಪದಲ್ಲಿ ಒಂದ್ಸಲ ಸ್ಪ್ಯಾನರ್ ಕಮ್ಮಿ ಬಂತು. ಗಾಯ ಆಗಿದ್ದ ಹುಡುಗನ್ನ ಮದ್ರಾಸಿಗೆ ಕರ್ಕೊಂಡು ಹೋಗೋ ವಿಮಾನ. ಸ್ಪ್ಯಾನರ್ ಸಿಗೋವರೆಗೂ ಹಾರಕೂಡದು ಅಂತ ನಾನೇ ನಿಲ್ಲಿಸ್ದೆ. ಎಲ್ಲಾ ಬಿಚ್ಚಿ ಹುಡುಕಿದ್ವಿ. ಅವನು ರೆಕ್ಕೆ ಕೆಳಗೆ, ಸ್ಟ್ರೆಚರ್ ಮೇಲೇ ಹೋಗ್ಬಿಟ್ಟ. ಅವನ್ನ ಎತ್ತೋಕೆ ಬಗ್ಗಿದ್ನಲ್ಲ, ಆಗ ನನ್ನ ಜೇಬಿಂದ ಸ್ಪ್ಯಾನರ್ ಬಿತ್ತಮ್ಮ."

ಇಷ್ಟು ವರ್ಷ ಏಡಿ ಕಥೆ ಹೇಳಿ ನಗಿಸಿದವರು ಇವರೇನಾ ಅನ್ನಿಸಿತು. ಸಮಾಧಾನ ಬೇಡಿ ಬಂದವಳಿಗೆ ಇದನ್ನೇಕೆ ಹೇಳಬೇಕಿತ್ತು ಎಂದು ಸಿಟ್ಟೂ ಬಂತು.

"ಹಾಗಾದ್ರೆ ನಾನು ಸುಮ್ನೆ ಇರ್ಬೇಕಿತ್ತಾ ಮಾಮ?"

"ಇಲ್ಲ. ನಾಳೆನೂ ನಿಲ್ಲಿಸು. ಆದ್ರೆ ಮೊದ್ಲು ನಿನ್ನ ಜೇಬು ನೋಡ್ಕೋ."

ಆ ಹೆಂಗಸು ಉಳಿದುಕೊಂಡರು. ಹೇಳಲು ಓಡಿದೆ, ಮಾಮ ಬಾಗಿಲಲ್ಲೇ ಕುಸಿದು ಕೂತು ಅತ್ತುಬಿಟ್ಟರು.

ಕಳೆದ ತಿಂಗಳು ಮಾಮ ತೀರಿಕೊಂಡರು. ಈಗಲೂ ಎಣಿಕೆ ತಪ್ಪಿದರೆ ಡಾಕ್ಟರನ್ನು ತಡೆಯುತ್ತೇನೆ. ಆ ಧೈರ್ಯ ಅವರು ಕೊಟ್ಟದ್ದು. ತಡೆದ ಕೂಡಲೇ ಎದೆ ಝಲ್ಲೆನ್ನುತ್ತದಲ್ಲ, ಅದೂ ಅವರು ಕೊಟ್ಟದ್ದೇ.